ಎಣ್ಣೆ ಕುಡಿದವರು ಯಾರು?



ಸಂಘದ ಗಾಡಿಯ ವಿಷಯವಾಗಿ ಕಳೆದ ಕೆಲವು ತಿಂಗಳುಗಳಿಂದ ನಮ್ಮ ಖೋಲಿಗಳಲ್ಲಿ, ಹೋಟೆಲುಗಳ ಮೋರಿಯ ಬಳಿಯಲ್ಲಿ, ಚಾಳಿನ ಮೆಟ್ಟಿಲುಗಳ ಮೇಲೆ ಹಲವು ಮಾತುಗಳು ಓಡಾಡಿದವು. ಅವುಗಳಲ್ಲಿ ಕೆಲವನ್ನು ಓಡಾಡಿಸಿದವರು ನಾವೇ. ಆದುದರಿಂದ ನಿಜವಾಗಿ ನಡೆದದ್ದೇನು ಎಂಬುದನ್ನು ಇಲ್ಲಿ ಬರೆಯುವುದು ನಮ್ಮ ಮೇಲಿರುವ ಸಾಲ. ಇದು ಒಂದು ಎಂಜಿನ್ನಿನ ಕಥೆ. ಎಂಜಿನ್ನಿನ ಕಥೆ ನಮಗೇಕೆ, ನಾವು ಇಡ್ಲಿ ಬೇಯಿಸುವವರು, ನೂಲು ತೆಗೆದವರು ಎಂದು ಪುಟ ಮಗುಚಬೇಡಿ. ಕೊನೆಯ ತನಕ ಓದಿದರೆ ಇದು ನಮ್ಮ ಕಥೆಯೇ ಎಂಬುದು ತಿಳಿಯುತ್ತದೆ.

ಗಾಡಿ ಯಾವುದೆಂದು ಬಹಳ ಮಂದಿಗೆ ಗೊತ್ತು. ಒಂದು ಹಳೆಯ ಪೆಟ್ರೋಲ್ ಅಂಬಾಸಡರ್. 1980ರ ದಶಕದಲ್ಲಿ ತಯಾರಾದದ್ದು. ಊರಿಗೆ ಹಿಂದಿರುಗಿದ ಹಿತೈಷಿಯೊಬ್ಬರು ಕಡಿಮೆ ಬೆಲೆಗೆ ನಮಗೆ ಬಿಟ್ಟುಕೊಟ್ಟರು. ಅದರಿಂದ ಒಂದು ಪೈಸೆ ಸಂಪಾದನೆ ಮಾಡುವ ಉದ್ದೇಶ ನಮಗಿರಲಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬ ಹುಡುಗನಿಗೆ ಎದೆ ನೋವು ಬಂದರೆ ಕೆ.ಇ.ಎಂ. ಆಸ್ಪತ್ರೆಗೋ ಸಾಯನ್ ಆಸ್ಪತ್ರೆಗೋ ಮುಟ್ಟಿಸಲು, ಊರಿನಿಂದ ಬಂದ ವಯಸ್ಸಾದ ತಾಯಿಯನ್ನು ರೈಲು ನಿಲ್ದಾಣದಿಂದ ಕರೆತರಲು, ಯಾರಾದರೂ ತೀರಿಕೊಂಡರೆ ಅವರ ಮನೆಯವರನ್ನು ಸ್ಮಶಾನದ ತನಕ ಕೊಂಡೊಯ್ಯಲು ಅದು ಬೇಕಿತ್ತು. ಗಾಡಿ ನಡೆಸಲು ನಮ್ಮವರೇ ಒಬ್ಬರು ಮುಂದೆ ಬಂದರು. ಹದಿನಾಲ್ಕು ವರ್ಷ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದು, ರಜೆಯ ದಿನಗಳಲ್ಲಿ ಡ್ರೈವಿಂಗ್ ಕಲಿತು, ಲೈಸೆನ್ಸ್ ಪಡೆದವರು. ಸಂಬಳ ಬೇಡ, ಊಟದ ಖರ್ಚು ಕೊಟ್ಟರೆ ಸಾಕು ಎಂದವರು. ಅವರ ಹೆಸರು ಇಲ್ಲಿ ಬೇಡ. ಹೆಸರು ಬರೆಯಬಾರದೆಂದು ಅವರೇ ಹೇಳಿದ್ದಾರೆ.

ಮೊದಲ ಕೆಲವು ತಿಂಗಳು ಎಲ್ಲವೂ ಸರಿಯಾಗಿತ್ತು. ಆಮೇಲೆ ಎಂಜಿನ್ ಆಯಿಲಿನ ಖರ್ಚು ಏರತೊಡಗಿತು. ಮೊದಲು ತಿಂಗಳಿಗೆ ಒಂದು ಲೀಟರಿನ ಡಬ್ಬಿ. ಆಮೇಲೆ ಎರಡು, ಆಮೇಲೆ ನಾಲ್ಕು. ಕೊನೆಕೊನೆಗೆ ಇನ್ನೂರೈವತ್ತು ಕಿಲೋಮೀಟರಿಗೆ ಒಂದು ಲೀಟರ್ ಎಣ್ಣೆ ಬೇಕು ಎಂಬ ಲೆಕ್ಕ ಬಂತು. ಆ ಎಂಜಿನ್ನಿನ ಹೊಟ್ಟೆಯೇ ನಾಲ್ಕು ಲೀಟರಿನ ಆಸುಪಾಸಿನದು. ಸಾವಿರ ಕಿಲೋಮೀಟರ್ ಓಡುವುದರೊಳಗೆ ಹೊಟ್ಟೆಯಷ್ಟೂ ಎಣ್ಣೆ ಖಾಲಿ ಎಂದರೆ ಯಾರು ನಂಬುತ್ತಾರೆ? ಸಮಿತಿಯ ಸಭೆಯಲ್ಲಿ ಒಬ್ಬರು ಹೇಳಿದರು: “ಗಾಡಿ ಎಣ್ಣೆ ಕುಡಿಯುವುದಿಲ್ಲ, ಎಣ್ಣೆ ಕುಡಿಯುವವರು ಬೇರೆ ಇದ್ದಾರೆ.” ಸಭೆ ನಕ್ಕಿತು. ನಾವೂ ನಕ್ಕೆವು. ಆ ನಗುವಿನ ಅರ್ಥ ಮೂಲೆಯಲ್ಲಿ ಕುಳಿತಿದ್ದ ಅವರಿಗೆ ಆಯಿತು. ಡಬ್ಬಿಗಳನ್ನು ಮಾರುತ್ತಿದ್ದೀರಾ ಎಂದು ಯಾರೂ ನೇರವಾಗಿ ಕೇಳಲಿಲ್ಲ. ಕೇಳಿದ್ದರೆ ಅವರಿಗೆ ಉತ್ತರ ಹೇಳುವ ಅವಕಾಶವಾದರೂ ಇರುತ್ತಿತ್ತು. “ಇನ್ನು ಮುಂದೆ ಪ್ರತಿಯೊಂದು ಡಬ್ಬಿಯ ರಸೀತಿಯೂ ಖಾಲಿ ಡಬ್ಬಿಯೂ ಕಚೇರಿಗೆ ಬರಬೇಕು” ಎಂದು ಠರಾವು ಮಾಡಿದೆವು. ಮರುದಿನ ಅವರು ಗಾಡಿಯ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದರು.

ಅವರು ಹೋದ ಮೇಲೆ ಇನ್ನೊಬ್ಬರು ಗಾಡಿ ಹಿಡಿದರು. ಎಣ್ಣೆ ಮೊದಲಿನಂತೆಯೇ ಖರ್ಚಾಯಿತು. ಆಗಲಾದರೂ ನಮಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಒಂದು ರಾತ್ರಿ ಒಬ್ಬ ಅಡುಗೆ ಭಟ್ಟರನ್ನು ಆಸ್ಪತ್ರೆಗೆ ಕರೆದೊಯ್ಯುವಾಗ ಸೇತುವೆ ಏರುತ್ತಿದ್ದಂತೆ ಎಂಜಿನ್ ಅಬ್ಬರಿಸುತ್ತದೆ, ಗಾಡಿ ಮುಂದಕ್ಕೆ ಹೋಗುವುದಿಲ್ಲ. ಕ್ಲಚ್ ಜಾರುತ್ತಿತ್ತು. ಹಿಂದೆ ನೀಲಿ ಹೊಗೆಯ ಮೋಡ. ಭಟ್ಟರನ್ನು ಇಳಿಸಿ ಟ್ಯಾಕ್ಸಿಗೆ ಹತ್ತಿಸಬೇಕಾಯಿತು. ದೇವರ ದಯೆಯಿಂದ ಅವರಿಗೆ ಏನೂ ಆಗಲಿಲ್ಲ. ಮೆಕ್ಯಾನಿಕರೊಬ್ಬರಿಗೆ ತೋರಿಸಿದೆವು. ಹೊಗೆ ನೋಡಿದರು, “ರಿಂಗ್ ಹೋಗಿದೆ, ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು” ಎಂದರು. ನಲವತ್ತು ಸಾವಿರ ರೂಪಾಯಿಯ ಅಂದಾಜು. ಸಂಘದ ಪೆಟ್ಟಿಗೆಯಲ್ಲಿ ಅಷ್ಟು ಹಣ ಇರಲಿಲ್ಲ. ಗಾಡಿಯನ್ನು ಗುಜರಿಗೆ ಹಾಕುವುದೆಂದು ನಿರ್ಧಾರವಾಯಿತು.

ಆಗ ನಮ್ಮ ನೆರವಿಗೆ ಬಂದವರು ಗಿರಣಿಯಲ್ಲಿ ದುಡಿದ ಒಬ್ಬ ಹಿರಿಯರು. 1982ರ ಜನವರಿ 18ರಂದು ಆರಂಭವಾದ ಆ ದೊಡ್ಡ ಮುಷ್ಕರಕ್ಕೆ ಮೊದಲು ಬಾಯ್ಲರ್ ಖಾತೆಯಲ್ಲಿ ಫಿಟ್ಟರಿನ ಕೈಕೆಳಗೆ ಕೆಲಸಕ್ಕೆ ಸೇರಿದ್ದವರು. ಮುಷ್ಕರದ ನಂತರ ಗ್ಯಾರೇಜುಗಳಲ್ಲಿ ಕೈಗೆ ಸಿಕ್ಕ ಕೆಲಸ ಮಾಡಿ ಸಂಸಾರ ಸಾಕಿದವರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. “ಮಾರೂದು ಆಮ್ಯಾಲೆ ಮಾರ್‍ರಿ. ಮೊದಲ ಬಾನೆಟ್ ಎತ್ತರಿ” ಎಂದರು.

ಕಾಕಾ ಮಾಡಿದ್ದನ್ನು ಹೇಳುವ ಮೊದಲು ಎಂಜಿನ್ನಿನ ಒಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಅವರು ನಮಗೆ ತಿಳಿಸಿದಂತೆಯೇ ಹೇಳುತ್ತೇವೆ.

ಎಂಜಿನ್ನಿನಲ್ಲಿ ಪೆಟ್ರೋಲು ಉರಿಯುವ ಜಾಗ ಮೇಲೆ, ಎಣ್ಣೆ ಇರುವ ಜಾಗ ಕೆಳಗೆ. ನಡುವೆ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತದೆ. ಪಿಸ್ಟನ್ನಿನ ಸುತ್ತ ಉಂಗುರಗಳಿವೆ. ಮೇಲಿನ ಉರಿಯ ಗಾಳಿ ಕೆಳಗೆ ಹೋಗದಂತೆ, ಕೆಳಗಿನ ಎಣ್ಣೆ ಮೇಲೆ ಬರದಂತೆ ತಡೆಯುವುದು ಈ ಉಂಗುರಗಳ ಕೆಲಸ. ಆದರೆ ಉಂಗುರ ಎಷ್ಟೇ ಹೊಸದಾಗಿರಲಿ, ಪ್ರತಿಯೊಂದು ಸಲ ಪೆಟ್ರೋಲು ಸಿಡಿದಾಗಲೂ ಸ್ವಲ್ಪ ಗಾಳಿ ಅದರ ಸಂದಿನಿಂದ ಕೆಳಕ್ಕೆ ನುಸುಳಿಯೇ ನುಸುಳುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಹೊಸ ಎಂಜಿನ್ನಿನಲ್ಲಿ ಸ್ವಲ್ಪ, ಹಳೆಯದರಲ್ಲಿ ಹೆಚ್ಚು. ಇಲ್ಲವೇ ಇಲ್ಲ ಎನ್ನುವ ಎಂಜಿನ್ ಇಲ್ಲ.

ಹಾಗೆ ನುಸುಳಿದ ಗಾಳಿಯಲ್ಲಿ ಏನಿದೆ? ಸುಟ್ಟ ಹೊಗೆ ಇದೆ, ಉರಿಯದೆ ಉಳಿದ ಪೆಟ್ರೋಲಿನ ಆವಿ ಇದೆ, ನೀರಿನ ಆವಿಯೂ ಇದೆ. ಪೆಟ್ರೋಲು ಉರಿದರೆ ನೀರು ಹೇಗೆ ಬಂತು ಎಂದು ನಾವು ಕೇಳಿದೆವು. ಒಂದು ಲೀಟರ್ ಪೆಟ್ರೋಲು ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದಂತೆ. ಬಹುಪಾಲು ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಪಾಲು ಕೆಳಗೆ ಎಣ್ಣೆಯ ಕೋಣೆಗೆ ಇಳಿಯುತ್ತದೆ. ಆ ಕೋಣೆಗೆ ಕ್ರ್ಯಾಂಕ್ ಕೇಸ್ ಎಂದು ಹೆಸರು. ಅದರ ತಳದ ತಟ್ಟೆಯನ್ನು ನಮ್ಮ ಮೆಕ್ಯಾನಿಕರು ಚೇಂಬರ್ ಎನ್ನುತ್ತಾರೆ.

ಈ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು. ದಾರಿ ಕೊಡದಿದ್ದರೆ ಎರಡು ಕೆಡುಕು. ಮೊದಲನೆಯದು, ನೀರು, ಮಸಿ, ಆಮ್ಲ ಎಲ್ಲವೂ ಎಣ್ಣೆಯೊಂದಿಗೆ ಬೆರೆತು ಕಪ್ಪು ಮಡ್ಡಿಯಾಗುತ್ತದೆ. ಚಳಿಯಲ್ಲಿ ಚಿಕ್ಕ ಚಿಕ್ಕ ಓಟ ಓಡಿಸುವ ಗಾಡಿಯ ಎಣ್ಣೆ ಮುಚ್ಚಳದ ಒಳಬದಿಯನ್ನು ನೋಡಿ, ಕೆನೆ ಕಟ್ಟಿದ ಮಜ್ಜಿಗೆಯಂಥ ಬಿಳಿ ಪದಾರ್ಥ ಅಂಟಿರುವುದುಂಟು. ಅದು ಈ ನೀರೇ. ಎರಡನೆಯದು, ಒಳಗೆ ಒತ್ತಡ ಏರುತ್ತದೆ. ಏರಿದ ಒತ್ತಡ ಸುಮ್ಮನೆ ಕೂರುವುದಿಲ್ಲ. ಎಲ್ಲಿ ಸಂದು ಸಿಗುತ್ತದೆಯೋ ಅಲ್ಲಿಂದ ಎಣ್ಣೆಯನ್ನು ಹೊತ್ತುಕೊಂಡು ಹೊರಗೆ ನುಗ್ಗುತ್ತದೆ.

ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕುಕ್ಕರಿನ ಸೀಟಿಯ ತೂತಿಗೆ ಬೇಳೆಯ ಸಿಪ್ಪೆ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ಮೋರಿಯಲ್ಲಿ ಪಾತ್ರೆ ತೊಳೆಯುವ ಹುಡುಗನಿಗೂ ಗೊತ್ತು. ಗ್ಯಾಸ್ಕೆಟ್ಟಿನ ಸಂದಿನಿಂದ ಸಾರು ಚಿಮ್ಮುತ್ತದೆ, ಇಲ್ಲವೆ ಸೇಫ್ಟಿ ವಾಲ್ವ್ ಹಾರುತ್ತದೆ. ಆಗ ನಾವು ಗ್ಯಾಸ್ಕೆಟ್ ಕೆಟ್ಟಿದೆ ಎಂದು ಹೊಸದು ತಂದರೆ ಹೊಸದರಿಂದಲೂ ಸಾರು ಚಿಮ್ಮುತ್ತದೆ. ಮೊದಲು ತೂತಿಗೆ ಕಡ್ಡಿ ಹಾಕಿ ನೋಡುವವನೇ ಬುದ್ಧಿವಂತ. ಗಿರಣಿಯ ಬಾಯ್ಲರಿನ ಮುಂದೆ ನಿಂತವರಿಗೂ ಇದೇ ಮಾತು.

ಹಳೆಯ ಎಂಜಿನ್ನುಗಳಲ್ಲಿ ಈ ದಾರಿ ಬಹಳ ಸರಳವಾಗಿತ್ತು. ಅಂಬಾಸಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಎಂಬ ಗಾಡಿಯ ಮಾದರಿಯದು. ಹಿಂದುಸ್ತಾನ್ ಮೋಟರ್ಸ್‌ನವರು ಕೋಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ ಅದನ್ನು 1958ರಿಂದ 2014ರ ತನಕ ತಯಾರಿಸಿದರು. ಅದರ ಹಳೆಯ ಪೆಟ್ರೋಲ್ ಎಂಜಿನ್ 1489 ಸಿ.ಸಿ.ಯದು, ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಬಿ ಸೀರೀಸ್ ವಂಶದ್ದು. ಆ ವಂಶದ ಹಳೆಯ ಎಂಜಿನ್ನುಗಳ ಪಕ್ಕದ ಮುಚ್ಚಳದಿಂದ ಒಂದು ಕೊಳವೆ ಕೆಳಕ್ಕೆ, ರಸ್ತೆಯ ಕಡೆಗೆ ಇಳಿದಿರುತ್ತದೆ. ತಲೆಯ ಮೇಲಿನ ರಾಕರ್ ಕವರಿನಿಂದ ಇನ್ನೊಂದು ಕೊಳವೆ ಏರ್ ಕ್ಲೀನರಿಗೆ ಹೋಗಿರುತ್ತದೆ. ಗಾಡಿ ಓಡುವಾಗ ಕೆಳಗಿನ ಕೊಳವೆಯ ತುದಿಯ ಬಳಿ ಗಾಳಿ ಬೀಸಿ ಒಳಗಿನ ಹೊಗೆಯನ್ನು ಎಳೆದುಕೊಳ್ಳುತ್ತದೆ. ಇಷ್ಟೇ ಏರ್ಪಾಟು. ಇದಕ್ಕೆ ಬ್ರೀದರ್ ಎಂದು ಹೆಸರು, ಎಂದರೆ ಉಸಿರಾಡುವ ಕೊಳವೆ.

ಈ ಏರ್ಪಾಟಿನ ದೋಷವೂ ಸರಳವೇ. ಗಾಡಿ ಓಡಿದರೆ ಮಾತ್ರ ಅದು ಎಳೆಯುತ್ತದೆ. ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗವಾದರೂ ಬೇಕು. ದಾದರಿನಿಂದ ಪರೇಲಿಗೆ ಆಮೆಯಂತೆ ಹರಿದಾಡುವ ಗಾಡಿಯಲ್ಲಿ ಆ ಗಾಳಿ ಎಲ್ಲಿಂದ ಬರಬೇಕು? ಅದೂ ಅಲ್ಲದೆ ಒಳಗಿನ ಹೊಲಸೆಲ್ಲ ರಸ್ತೆಗೇ ಬೀಳುತ್ತದೆ. ಅಮೆರಿಕದ ಲಾಸ್ ಏಂಜಲಿಸ್ ನಗರದಲ್ಲಿ ಕಣ್ಣು ಉರಿಸುವ ಹೊಗೆಮಂಜು ಕವಿಯುತ್ತಿದ್ದಾಗ, ಹಾಲೆಂಡಿನಲ್ಲಿ ಹುಟ್ಟಿದ ಆರಿ ಹಾಗೆನ್-ಸ್ಮಿಟ್ ಎಂಬ ವಿಜ್ಞಾನಿ 1950ರ ದಶಕದ ಆರಂಭದಲ್ಲಿ, ಗಾಡಿಗಳಿಂದಲೂ ತೈಲ ಶುದ್ಧೀಕರಣ ಕಾರ್ಖಾನೆಗಳಿಂದಲೂ ಬರುವ ಆವಿಯ ಮೇಲೆ ಬಿಸಿಲು ಬಿದ್ದು ಅದು ಹುಟ್ಟುತ್ತದೆ ಎಂದು ತೋರಿಸಿಕೊಟ್ಟರು. ಗಾಡಿಯೊಂದು ಹೊರಬಿಡುವ ಉರಿಯದ ಆವಿಯಲ್ಲಿ ಸುಮಾರು ಐದನೆಯ ಒಂದು ಪಾಲು ಸೈಲೆನ್ಸರಿನಿಂದಲ್ಲ, ಈ ಉಸಿರುಕೊಳವೆಯಿಂದ ಬರುತ್ತಿತ್ತು. ಆಗ 1961ರ ಮಾದರಿಯ ಗಾಡಿಗಳಿಂದ ಕ್ಯಾಲಿಫೋರ್ನಿಯಾದಲ್ಲಿ, 1963ರ ಮಾದರಿಯಿಂದ ಅಮೆರಿಕದಾದ್ಯಂತ ಹೊಸ ಏರ್ಪಾಟು ಬಂತು. ಹೊಗೆಯನ್ನು ರಸ್ತೆಗೆ ಬಿಡದೆ ಎಂಜಿನ್ನೇ ಮತ್ತೆ ಎಳೆದುಕೊಂಡು ಸುಡುವಂತೆ ಒಂದು ಕೊಳವೆ, ಅದರ ನಡುವೆ ಬೆರಳಿನ ಗಾತ್ರದ ಒಂದು ವಾಲ್ವ್. ಅದಕ್ಕೆ ಪಿ.ಸಿ.ವಿ. ವಾಲ್ವ್ ಎನ್ನುತ್ತಾರೆ. ಒಳಗೆ ಸ್ಪ್ರಿಂಗು ಹಾಕಿದ ಒಂದು ಗೂಟ. ಎಂಜಿನ್ ನಿಧಾನವಾಗಿ ತಿರುಗುವಾಗ ದಾರಿ ಕಿರಿದು, ಭಾರ ಎಳೆಯುವಾಗ ದಾರಿ ಅಗಲ, ಎಂಜಿನ್ ಹಿಂದಕ್ಕೆ ಸಿಡಿದರೆ ದಾರಿ ಬಂದ್. ಈಗಿನ ಗಾಡಿಗಳಲ್ಲಿ ಈ ಬಗೆಯ ಏರ್ಪಾಟೇ ಒಂದಲ್ಲ ಒಂದು ರೂಪದಲ್ಲಿ ಇದೆ.

ಈಗ ನಮ್ಮ ಗಾಡಿಗೆ ಬರೋಣ. ಕಾಕಾ ಬಂದವರು ಎಂಜಿನ್ ಬಿಸಿ ಮಾಡಿಸಿದರು. ಎಣ್ಣೆ ಹಾಕುವ ಮುಚ್ಚಳ ತೆಗೆದರು. ಬಸ್ಸಿನ ಸೈಲೆನ್ಸರಿನಂತೆ ಪುಸುಪುಸು ಎಂದು ಹೊಗೆ ನುಗ್ಗಿ ಬಂತು. ಹೊಗೆಯೊಂದಿಗೆ ಎಣ್ಣೆಯ ಹನಿಗಳು. “ಉಸಿರು ಕಟ್ಟೈತಿ” ಎಂದರು. ಏರ್ ಕ್ಲೀನರ್ ಬಿಚ್ಚಿದರು. ಒಳಗೆ ಒಣಗಿರಬೇಕಾದ ಜಾಗ ಬೋಂಡಾ ಕರಿದ ಬಾಣಲೆಯಂತೆ ಎಣ್ಣೆಮಯ. ಆಮೇಲೆ ಪರಿಚಯದ ಗ್ಯಾರೇಜಿನಿಂದ ಕಂಪ್ರೆಶನ್ ಗೇಜ್ ತರಿಸಿ, ಪ್ಲಗ್ಗುಗಳನ್ನು ತೆಗೆದು ನಾಲ್ಕೂ ಸಿಲಿಂಡರುಗಳ ಒತ್ತಡ ಅಳೆದರು. ನಾಲ್ಕೂ 115ರಿಂದ 125 ಪೌಂಡಿನ ಒಳಗೆ. ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ಅಂತರವಿಲ್ಲ. ಒಂದೊಂದರ ಒಳಗೂ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಅಳೆದರು. ಉಂಗುರ ಸವೆದಿದ್ದರೆ ಆ ಎಣ್ಣೆ ಸಂದನ್ನು ಮುಚ್ಚಿ ಒತ್ತಡ ಥಟ್ಟನೆ ಏರಬೇಕು. ಏರಿದ್ದು ತೀರ ಸ್ವಲ್ಪ. “ಹಳೇ ಎಂಜಿನ್ ಐತಿ, ಖರೆ. ಆದ್ರ ರಿಂಗ್ ಸತ್ತಿಲ್ಲ” ಎಂದರು.

ಕೊನೆಗೆ ಗಾಡಿಯ ಕೆಳಗೆ ಮಲಗಿ ಆ ಉಸಿರುಕೊಳವೆಯನ್ನು ಬಿಚ್ಚಿ ತಂದರು. ಅದರ ತುದಿಯಲ್ಲಿ ಯಾರೋ ಒಂದು ಬಟ್ಟೆಯ ಚೂರನ್ನು ಬೆಣೆಯಂತೆ ತುರುಕಿದ್ದರು. ಅದರ ಹಿಂದೆ ವರ್ಷಗಟ್ಟಲೆಯ ಮಡ್ಡಿ ಗಟ್ಟಿಯಾಗಿ ಡಾಂಬರಿನಂತೆ ಕೂತಿತ್ತು. ಗಾಡಿ ನಮ್ಮ ಕೈಗೆ ಬರುವ ಮೊದಲೋ ಆಮೇಲೋ, ಕೊಳವೆಯಿಂದ ಎಣ್ಣೆ ತೊಟ್ಟಿಕ್ಕಿ ನೆಲ ಹೊಲಸಾಗುತ್ತದೆ ಎಂದು ಯಾರೋ ಮಾಡಿದ ಉಪಾಯ. ತೊಟ್ಟಿಕ್ಕುವುದು ನಿಂತಿತು. ಎಂಜಿನ್ನಿನ ಬಾಯಿಗೂ ಬಟ್ಟೆ ಬಿತ್ತು.

ಇಷ್ಟು ಕಂಡ ಮೇಲೆ ಎಲ್ಲ ಲೆಕ್ಕವೂ ತಾಳೆಯಾಯಿತು. ಕೆಳಗಿನ ದಾರಿ ಬಂದ್ ಆದುದರಿಂದ ಹೊಗೆಯೆಲ್ಲ ಮೇಲಿನ ಕೊಳವೆಯ ಮೂಲಕ ಏರ್ ಕ್ಲೀನರಿಗೆ ನುಗ್ಗಿತು, ಹೋಗುತ್ತಾ ಎಣ್ಣೆಯ ತುಂತುರನ್ನೂ ಕೊಂಡೊಯ್ದಿತು. ಎಂಜಿನ್ ಆ ಎಣ್ಣೆಯನ್ನು ಎಳೆದುಕೊಂಡು ಸುಟ್ಟಿತು. ನೀಲಿ ಹೊಗೆ ಬಂದದ್ದು ಹಾಗೆ. ಇನ್ನು ಕ್ಲಚ್ ಜಾರಿದ್ದೇಕೆ? ಈ ಎಂಜಿನ್ನಿನ ಕ್ರ್ಯಾಂಕ್ ದಂಡದ ಹಿಂತುದಿಯಲ್ಲಿ ಈಗಿನ ಗಾಡಿಗಳಲ್ಲಿರುವಂತೆ ರಬ್ಬರಿನ ಸೀಲ್ ಇಲ್ಲ. ದಂಡದ ಮೇಲೆ ಸ್ಕ್ರೂವಿನಲ್ಲಿರುವಂಥ ಸುತ್ತುಗೆರೆ ಕೊರೆದಿದೆ. ದಂಡ ತಿರುಗುವಾಗ ಆ ಗೆರೆ ಎಣ್ಣೆಯನ್ನು ಹಿಂದಕ್ಕೆ ಒಳಗೆ ತಳ್ಳುತ್ತದೆ. ಒಳಗೆ ಒತ್ತಡ ಇಲ್ಲದಿದ್ದರೆ ಮಾತ್ರ ಅದು ಕೆಲಸ ಮಾಡೀತು. ಒತ್ತಡ ಏರಿದರೆ ಗೆರೆ ಸೋಲುತ್ತದೆ, ಎಣ್ಣೆ ಹೊರಬಿದ್ದು ಅದರ ಹಿಂದೆಯೇ ಇರುವ ಕ್ಲಚ್ಚಿನ ತಟ್ಟೆಯನ್ನು ನೆನೆಸುತ್ತದೆ. ನಮ್ಮ ಭಟ್ಟರು ಆ ರಾತ್ರಿ ಸೇತುವೆಯ ಮೇಲೆ ಇಳಿಯಬೇಕಾಗಿ ಬಂದದ್ದು ಒಂದು ಚಿಂದಿ ಬಟ್ಟೆಯ ದೆಸೆಯಿಂದ.

ಕೊಳವೆಯನ್ನು ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದರು. ಮೇಲಿನ ಕೊಳವೆಯನ್ನೂ ಶುದ್ಧ ಮಾಡಿದರು. ಎಣ್ಣೆ ಬದಲಾಯಿಸಿದರು. ಕ್ಲಚ್ ತಟ್ಟೆ ಹೊಸದು ಹಾಕಿಸಿದೆವು. ನಲವತ್ತು ಸಾವಿರ ಖರ್ಚಾಗಲಿಲ್ಲ. ಅದರ ಆರನೆಯ ಒಂದು ಪಾಲೂ ಆಗಲಿಲ್ಲ. ಗಾಡಿ ಈಗಲೂ ಎಣ್ಣೆ ಕುಡಿಯುತ್ತದೆ, ಸುಳ್ಳು ಹೇಳಬಾರದು. ಸುಮಾರು ಒಂಬೈನೂರು ಕಿಲೋಮೀಟರಿಗೆ ಒಂದು ಲೀಟರ್. ಹಳೆಯ ಎಂಜಿನ್ನಿಗೆ ಅದು ಹೆಚ್ಚೇನೂ ಅಲ್ಲ. ಹೊಸ ಗಾಡಿ ಮಾಡುವ ಕೆಲವು ಕಂಪನಿಗಳೂ ಸಾವಿರ ಕಿಲೋಮೀಟರಿಗೆ ಒಂದು ಲೀಟರಿನ ತನಕ ತಮ್ಮ ಕೈಪಿಡಿಯಲ್ಲಿ ಒಪ್ಪಿಕೊಳ್ಳುತ್ತವೆ.

ಇದನ್ನು ಓದಿ ಎಲ್ಲ ಗಾಡಿಗಳ ರೋಗವೂ ಇದೊಂದೇ ಎಂದು ಯಾರೂ ತಿಳಿಯಬಾರದು. ನಮ್ಮವರು ಅನೇಕರು ಈಗ ಟ್ಯಾಕ್ಸಿ ನಡೆಸುತ್ತಾರೆ. ಕೆಲವರು ಊರಿಗೆ ಹೋಗಿ ಹಳೆಯ ಗಾಡಿ ಕೊಂಡು ಬಾಡಿಗೆಗೆ ಬಿಡಬೇಕೆಂದು ಇಪ್ಪತ್ತು ವರ್ಷದ ಉಳಿತಾಯ ಹಾಕುತ್ತಾರೆ. ಅವರಿಗಾಗಿ ಕಾಕಾ ಹೇಳಿದ ಕ್ರಮವನ್ನು ಬರೆಯುತ್ತೇವೆ.

ಮೊದಲು ಎಣ್ಣೆ ಸೋರುತ್ತಿದೆಯೋ ಸುಡುತ್ತಿದೆಯೋ ತಿಳಿಯಿರಿ. ರಾತ್ರಿ ಗಾಡಿಯ ಕೆಳಗೆ ಒಂದು ಹಳೆಯ ರಟ್ಟು ಹಾಸಿ, ಬೆಳಿಗ್ಗೆ ಕಲೆ ಎಲ್ಲಿ ಬಿದ್ದಿದೆ ನೋಡಿ. ಎಣ್ಣೆ ಅಳೆಯುವ ಕಡ್ಡಿಯ ಮೇಲಿನ ಗೆರೆ ದಾಟುವಂತೆ ಎಣ್ಣೆ ಎಂದೂ ಹಾಕಬೇಡಿ. ಹೆಚ್ಚಾದ ಎಣ್ಣೆಯನ್ನು ಕ್ರ್ಯಾಂಕ್ ಕಡೆದು ಮೇಲಕ್ಕೆ ಎರಚುತ್ತದೆ, ಅದೂ ಸುಡುತ್ತದೆ. ಹೊಗೆಯ ಬಣ್ಣ ನೋಡಿ. ಕಪ್ಪಾದರೆ ಪೆಟ್ರೋಲು ಹೆಚ್ಚು, ಬಿಳಿಯಾಗಿ ಬಿಡದೆ ಬರುತ್ತಿದ್ದರೆ ರೇಡಿಯೇಟರಿನ ನೀರು ಒಳಗೆ ಹೋಗುತ್ತಿರಬಹುದು, ನೀಲಿಯಾದರೆ ಎಣ್ಣೆ. ನೀಲಿಯಲ್ಲೂ ಎರಡು ಬಗೆ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿದು ಮತ್ತೆ ಒತ್ತಿದಾಗ ಒಂದು ಗುಪ್ಪೆ ಹೊಗೆ ಬಂದು ನಿಂತರೆ ವಾಲ್ವ್ ಗೈಡು, ಅದರ ಸೀಲು ಸವೆದಿರುವ ಸಂಭವ ಹೆಚ್ಚು. ಏರಿನಲ್ಲಿ ಎಳೆಯುವಷ್ಟು ಹೊತ್ತೂ ಬರುತ್ತಿದ್ದರೆ ಉಂಗುರದ ಮೇಲೆ ಸಂಶಯ.

ಆಮೇಲೆ ಉಸಿರು ನೋಡಿ. ಪಿ.ಸಿ.ವಿ. ವಾಲ್ವ್ ಇರುವ ಗಾಡಿಯಾದರೆ ಎಂಜಿನ್ ಬಿಸಿಯಾದ ಮೇಲೆ ನಿಧಾನವಾಗಿ ತಿರುಗುತ್ತಿರುವಾಗ ಎಣ್ಣೆಯ ಮುಚ್ಚಳ ತೆಗೆದು ಬಾಯಿಯ ಮೇಲೆ ಒಂದು ತೆಳ್ಳನೆ ಕಾಗದ ಇಡಿ. ಕಾಗದ ಮೆಲ್ಲಗೆ ಅಂಟಿಕೊಂಡರೆ ಸರಿ. ಹಾರಿಹೋದರೆ ಒಳಗೆ ಒತ್ತಡ ಇದೆ. ವಾಲ್ವನ್ನು ಬಿಚ್ಚಿ ಕಿವಿಯ ಬಳಿ ಅಲ್ಲಾಡಿಸಿ. ಗಿಲಗಿಲ ಎಂದರೆ ಒಳಗಿನ ಗೂಟ ಓಡಾಡುತ್ತಿದೆ, ಮೂಕವಾಗಿದ್ದರೆ ಅಂಟಿಕೊಂಡಿದೆ. ಮುಚ್ಚಿ ಅಂಟಿದರೆ ಒತ್ತಡ ಏರುತ್ತದೆ. ತೆರೆದು ಅಂಟಿದರೆ ಎಣ್ಣೆಯ ತುಂತುರನ್ನು ಬೇಕಾಬಿಟ್ಟಿ ಎಳೆಯುತ್ತದೆ, ನಿಂತಲ್ಲಿ ಎಂಜಿನ್ ನಡುಗುತ್ತದೆ. ವಾಲ್ವು ದುಬಾರಿ ವಸ್ತುವಲ್ಲ, ಬದಲಾಯಿಸಿದರಾಯಿತು. ನಮ್ಮ ಗಾಡಿಯಂತೆ ರಸ್ತೆಗೆ ಇಳಿಯುವ ಕೊಳವೆ ಇದ್ದರೆ ಮುಚ್ಚಳದಿಂದ ಸ್ವಲ್ಪ ಹೊಗೆಯಾಡುವುದು ಸಹಜ, ನುಗ್ಗಿ ಬರುವುದು ಸಹಜವಲ್ಲ. ಕೊಳವೆ ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಇವೆಲ್ಲ ಮಾಡುವಾಗ ಲುಂಗಿ, ಟವೆಲು ಫ್ಯಾನ್ ಬೆಲ್ಟಿಗೆ ಸಿಕ್ಕದಂತೆ ಎಚ್ಚರವಿರಲಿ. ಉಸಿರು ಸರಿಯಿದ್ದೂ ಒತ್ತಡ ಕಂಡರೆ, ಕಂಪ್ರೆಶನ್ ಅಳೆದಾಗ ಕಡಿಮೆ ಬಂದು ಒಂದು ಚಮಚ ಎಣ್ಣೆಗೆ ಥಟ್ಟನೆ ಏರಿದರೆ, ಆಗ ಉಂಗುರ ಸವೆದದ್ದು ನಿಜ. ಆಗ ಎಂಜಿನ್ ಇಳಿಸಲೇಬೇಕು.

ಮೆಕ್ಯಾನಿಕರನ್ನು ನಾವು ದೂರುವುದಿಲ್ಲ. ಅವರೂ ನಮ್ಮಂತೆ ಕೈ ಕಪ್ಪು ಮಾಡಿಕೊಂಡು ಉಣ್ಣುವವರು. ನೀಲಿ ಹೊಗೆ ಕಂಡ ಹತ್ತು ಗಾಡಿಗಳಲ್ಲಿ ಹಲವಕ್ಕೆ ಉಂಗುರವೇ ಸವೆದಿರುತ್ತದೆ, ಅವರು ಅಭ್ಯಾಸದ ಮೇಲೆ ಮಾತಾಡಿದರು. ಅಳೆಯದೆ ಒಪ್ಪಿದ ತಪ್ಪು ನಮ್ಮದು.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ನಾವು ಹದಿನಾರನೆಯ ವಯಸ್ಸಿನಲ್ಲಿ ಬಾಣಲೆಯ ಮುಂದೆ ನಿಂತಿದ್ದಾಗ ಒಬ್ಬ ಧಣಿ ಪ್ರತಿ ರಾತ್ರಿ ಎಣ್ಣೆಯ ಡಬ್ಬಿ ಅಳೆದು ನೋಡಿ, “ಇಷ್ಟು ಎಣ್ಣೆ ಎಲ್ಲಿಗೆ ಹೋಯಿತೋ?” ಎಂದು ಕೇಳುತ್ತಿದ್ದರು. ವಡೆ ಎಣ್ಣೆ ಕುಡಿಯುತ್ತದೆ ಎಂದು ಹೇಳಿದರೆ ನಂಬುತ್ತಿರಲಿಲ್ಲ. ಹಾಲು ಕುದಿದು ಇಂಗಿದರೆ ಚಹಾ ಮಾಡುವವನು ಕುಡಿದ ಎಂಬ ಮಾತು. ಒಂದು ತಿಂಗಳು ನಮ್ಮ ಸಂಬಳದಲ್ಲಿ ಎಣ್ಣೆಯ ದುಡ್ಡು ಕಡಿದರು. ಆ ರಾತ್ರಿ ಅತ್ತದ್ದು ನಮಗೆ ಇನ್ನೂ ನೆನಪಿದೆ. ಇಂಥದು ಕಂಡಿರದ ಹೋಟೆಲ್ ಕಾರ್ಮಿಕ ನಮ್ಮಲ್ಲಿ ಯಾರಿದ್ದಾರೆ? ಅಂಥ ನಾವೇ ಮೇಜಿನ ಆ ಕಡೆ ಕುಳಿತ ಕೂಡಲೆ ಅದೇ ಪ್ರಶ್ನೆಯನ್ನು ನಮ್ಮ ಒಡನಾಡಿಗೆ ಕೇಳಿದೆವು. ಧಣಿಯಾದರೂ ಬಾಯಿಬಿಟ್ಟು ಕೇಳಿದ್ದರು, ನಾವು ನಕ್ಕು ಕೇಳಿದೆವು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದವರ ಸಾಲಿಗೆ ಸೇರಿದೆವು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡಬೇಕೆಂಬುದು ಹಿರಿಯರ ಮಾತು. ನಾವು ಪ್ರತ್ಯಕ್ಷವೂ ಕಂಡಿರಲಿಲ್ಲ.

ಕೊಳವೆಯನ್ನೂ ಆ ಬಟ್ಟೆಯ ಚೂರನ್ನೂ ಕಾಗದದಲ್ಲಿ ಸುತ್ತಿಕೊಂಡು ಸಮಿತಿಯ ಮೂವರು ಆ ಮಿತ್ರರ ಖೋಲಿಗೆ ಹೋದೆವು. ಅವರು ಈಗ ಒಂದು ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾರೆ. ಚಹಾ ಮಾಡಿಕೊಟ್ಟರು. ಬಟ್ಟೆಯನ್ನು ಬಹಳ ಹೊತ್ತು ನೋಡಿದರು. ನಾವು ತಪ್ಪಾಯಿತು ಎಂದೆವು. “ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಕರೆಯಿರಿ ಮಾರಾಯ್ರೆ, ಗಾಡಿ ಬಿಡಲಿಕ್ಕೆ ಬರುತ್ತೇನೆ. ಆದರೆ ಎಣ್ಣೆಯ ಡಬ್ಬಿ ನೀವೇ ತಂದು ನೀವೇ ಹಾಕಿ. ಸಂಘದ ದುಡ್ಡು ನಾನು ಮುಟ್ಟುವುದಿಲ್ಲ” ಎಂದರು. ಕರೆದಾಗಲೆಲ್ಲ ಬರುತ್ತಿದ್ದಾರೆ. ದುಡ್ಡು ಮುಟ್ಟುತ್ತಿಲ್ಲ. ಕೊಳವೆಯ ಮಡ್ಡಿ ಒಂದು ಮಧ್ಯಾಹ್ನದಲ್ಲಿ ಹೋಯಿತು. ಇದು ಹೋಗಲು ಎಷ್ಟು ಕಾಲ ಬೇಕೋ.

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು. ಖಾಲಿ ಡಬ್ಬಿ ತಂದು ಒಪ್ಪಿಸಬೇಕೆಂಬ ಆ ಠರಾವನ್ನು ಮುಂದಿನ ಮಹಾಸಭೆಯಲ್ಲಿ ರದ್ದು ಮಾಡಬೇಕು, ಏಕೆ ರದ್ದು ಮಾಡಿದೆವು ಎಂಬುದನ್ನು ನಡವಳಿಯ ಪುಸ್ತಕದಲ್ಲಿ ಬರೆಯಬೇಕು. ಗಾಡಿಗೆ ಒಂದು ವಹಿ ಇರಬೇಕು. ಎಷ್ಟು ಕಿಲೋಮೀಟರಿಗೆ ಎಷ್ಟು ಎಣ್ಣೆ ಎಂಬುದನ್ನು ಅದರಲ್ಲಿ ಬರೆಯಬೇಕು. ಆ ವಹಿ ಡ್ರೈವರನ ಮೇಲಿನ ಕಾವಲಿಗಲ್ಲ, ಎಂಜಿನ್ನಿನ ನಾಡಿ ಹಿಡಿಯುವುದಕ್ಕೆ. ಎಣ್ಣೆ ಬದಲಾಯಿಸುವ ಪ್ರತಿ ಸಲವೂ ಉಸಿರುಕೊಳವೆಯನ್ನು ತೊಳೆಯಬೇಕು. ಕಂಪ್ರೆಶನ್ ಅಳೆಯದೆ ಯಾರ ಮಾತಿನ ಮೇಲೂ ಎಂಜಿನ್ ಇಳಿಸಕೂಡದು. ಕಾಕಾ ತಿಂಗಳಿಗೆ ಎರಡು ಭಾನುವಾರ ಮಧ್ಯಾಹ್ನ ನಮ್ಮ ಹುಡುಗರಿಗೆ ಈ ವಿದ್ಯೆ ಹೇಳಿಕೊಡಲು ಒಪ್ಪಿದ್ದಾರೆ. ಹೋಟೆಲುಗಳಲ್ಲಿ ಮಧ್ಯಾಹ್ನದ ಬಿಡುವು ಇರುವವರು ಬನ್ನಿ. ಪೆನ್ಸಿಲು, ಪುಸ್ತಕ ತನ್ನಿ, ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ.

ಕೊನೆಯದಾಗಿ ಒಂದು. ಲೆಕ್ಕದಲ್ಲಿ ಏನಾದರೂ ಕಡಿಮೆ ಬಿದ್ದಾಗ ಮೊದಲು ಯಂತ್ರವನ್ನು, ಪಾತ್ರೆಯನ್ನು, ತಕ್ಕಡಿಯನ್ನು ಕೇಳೋಣ. ಮನುಷ್ಯನನ್ನು ಕೇಳುವುದಾದರೆ ಆಮೇಲೆ, ಎದುರಿಗೆ ಕೂರಿಸಿಕೊಂಡು, ನಗದೆ ಕೇಳೋಣ. ನಾವು ಧಣಿಗಳಿಂದ ಬಯಸುವ ನ್ಯಾಯ ಇದೇ. ನಮ್ಮ ನಮ್ಮೊಳಗೆ ಅದನ್ನು ನಡೆಸದಿದ್ದರೆ ಹೊರಗೆ ಕೇಳಲು ನಮಗೆ ಯಾವ ಮುಖವಿದೆ?